ಪಾಲಿಮರೇಸ್ ಹಿಂದಕ್ಕೆ ನಡೆಯುವುದಿಲ್ಲ

ಒಂದು ತಪ್ಪನ್ನು ನಾನು ಆರು ವರ್ಷ ಬಹಳ ಚೆನ್ನಾಗಿ ಪಾಠ ಮಾಡಿದ್ದೇನೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನನ್ನ ತಂಗಿಯ ಮಗಳು ಈಗ ಪಿಯು ಕಾಲೇಜೊಂದಕ್ಕೆ ಜೀವಶಾಸ್ತ್ರದ ಉಪನ್ಯಾಸಕಿಯಾಗಿ ಸೇರಿದ್ದಾಳೆ. ಮೊನ್ನೆ ಫೋನು ಮಾಡಿ, "ದೊಡ್ಡಮ್ಮ, ನಿಮ್ಮ ಹಳೇ ನೋಟ್ಸ್ ಉಂಟಲ್ಲ, ಅದನ್ನು ನಂಗೆ ಕೊಡಿ" ಎಂದಳು. ಕೊಡುವುದಿಲ್ಲ ಎಂದೆ. ಅವಳಿಗೆ ಸಿಟ್ಟು ಬಂತು. ಹಾಗಾಗಿ ನೋಟ್ಸಿನ ಬದಲು ಇದನ್ನು ಬರೆಯುತ್ತಿದ್ದೇನೆ. ಬಡ್ತಿ, ವರ್ಗಾವಣೆ, ವೇತನ ಶ್ರೇಣಿ ಇವೆಲ್ಲ ನನ್ನ ಸೇವಾ ಪುಸ್ತಕದಲ್ಲಿವೆ. ಅದನ್ನು ಓದಿ ಯಾರೂ ನಕ್ಕದ್ದು ನನಗೆ ಗೊತ್ತಿಲ್ಲ.

ತೊಂಬತ್ತರ ದಶಕದ ಆರಂಭದಲ್ಲಿ ಬಂಟ್ವಾಳ ತಾಲೂಕಿನ ಒಂದು ಕಾಲೇಜಿಗೆ ಸೇರಿದೆ. ನನಗಿಂತ ಮೊದಲು ಅಲ್ಲಿ ಪಾಠ ಮಾಡುತ್ತಿದ್ದ ಹಿರಿಯರು ನಿವೃತ್ತರಾಗಿ ಹೊರಡುವಾಗ ಕಂದು ರಟ್ಟಿನ ಒಂದು ಪುಸ್ತಕವನ್ನು ನನ್ನ ಕೈಗಿಟ್ಟರು. "ವಾರಿಜಾ, ಇದರಲ್ಲಿ ಎಲ್ಲ ಉಂಟು. ಹೊಸತಾಗಿ ನೀನು ಎಂತ ಓದ್ಲಿಕ್ಕಿಲ್ಲ" ಎಂದರು. ನನ್ನಂಥ ಸೋಮಾರಿಗೆ ಇದಕ್ಕಿಂತ ದೊಡ್ಡ ಆಶೀರ್ವಾದ ಬೇಕಿರಲಿಲ್ಲ.

ಆ ಪುಸ್ತಕದಲ್ಲಿ ಡಿಎನ್‌ಎ ನಕಲಾಗುವ ಪಾಠ ಒಂದೂವರೆ ಪುಟದಷ್ಟಿತ್ತು. ಜೀವಕೋಶ ಎರಡಾಗುವ ಮೊದಲು ತನ್ನೊಳಗಿನ ಡಿಎನ್‌ಎಯನ್ನೂ ಎರಡು ಮಾಡಿಕೊಳ್ಳಬೇಕು. ಡಿಎನ್‌ಎ ಎಂದರೆ ಒಂದಕ್ಕೊಂದು ಸುತ್ತಿಕೊಂಡ ಎರಡು ಎಳೆಗಳು. ಹೆಲಿಕೇಸ್ ಎಂಬ ಕಿಣ್ವ ಬಂದು ಎಳೆಗಳನ್ನು ಬಿಡಿಸುತ್ತದೆ. ಪಾಲಿಮರೇಸ್ ಎಂಬ ಕಿಣ್ವ ಒಂದೊಂದು ಹಳೆಯ ಎಳೆಯನ್ನೂ ನೋಡಿಕೊಂಡು ಅದರ ಎದುರಿಗೆ ಹೊಸದನ್ನು ಕಟ್ಟುತ್ತದೆ. ಎರಡೂ ಕಡೆ ಒಟ್ಟಿಗೆ, ಒಂದೇ ಓಟದಲ್ಲಿ, ಎಂದು ಪುಸ್ತಕ ಹೇಳುತ್ತಿತ್ತು. ನಾನೂ ಹಾಗೆಯೇ ಹೇಳಿದೆ. ಅಂಗೈಗಳನ್ನು ಜೋಡಿಸಿ, ನಿಧಾನ ಬಿಡಿಸಿ, ಭರತನಾಟ್ಯದವರ ಹಾಗೆ ಅಭಿನಯಿಸಿ ಹೇಳಿದೆ. ಮಕ್ಕಳು ತಲೆಯಾಡಿಸಿದರು. ಆರು ವರ್ಷ ಆರು ತಂಡದ ಮಕ್ಕಳು ತಲೆಯಾಡಿಸಿದರು.

ಏಳನೆಯ ವರ್ಷ ಮಿಸ್ರಿಯಾ ಬಂದಳು. ಪುಂಜಾಲಕಟ್ಟೆಯಿಂದ ಬಸ್ಸಿನಲ್ಲಿ ಬರುತ್ತಿದ್ದ ಹುಡುಗಿ. ಅವಳ ತಂದೆಗೆ ಅಲ್ಲೇ ಟೈಲರ್ ಅಂಗಡಿ. ಬೆಳಗ್ಗೆ ಕಾಲೇಜಿಗೆ ಬರುವ ಮೊದಲು ಅವಳೂ ಮಿಷನಿನ ಮುಂದೆ ಕುಳಿತು ನಾಲ್ಕು ಸಮವಸ್ತ್ರಕ್ಕೆ ಕಾಲರ್ ಕೂರಿಸಿ ಬರುತ್ತಿದ್ದಳಂತೆ. ತರಗತಿಯಲ್ಲಿ ಮಾತಾಡುವವಳಲ್ಲ. ಆ ದಿನ ಎದ್ದು ನಿಂತಳು.

"ಮೇಡಂ, ಎರಡು ಎಳೆ ಉಲ್ಟಾ ಮಲಗಿದೆ ಹೇಳಿದ್ರಲ್ಲ, ಒಂದರ ತಲೆ ಇರುವಲ್ಲಿ ಇನ್ನೊಂದರ ಬಾಲ?"

"ಹೌದು."

"ಪಾಲಿಮರೇಸ್ ಹೊಸ ಎಳೆಯ ಬಾಲಕ್ಕೆ ಮಾತ್ರ ಸೇರಿಸ್ತಾ ಹೋಗುದು, ತಲೆಗೆ ಸೇರಿಸುದಿಲ್ಲ, ಅದು ಸಹ ನೀವೇ ಹೇಳಿದ್ದು."

"ಹೌದು."

"ಹಾಗಾದ್ರೆ ಮೇಲಿನ ಎಳೆಗೆ ಸರಿ. ಹೆಲಿಕೇಸ್ ಬಿಡಿಸಿದ ಹಾಗೆ ಅದರ ಹಿಂದೆಯೇ ಹೋಗ್ಬಹುದು. ಕೆಳಗಿನದಕ್ಕೆ ಎಂತ ಮಾಡುದು? ಅಲ್ಲಿ ಅದು ಹಿಂದಕ್ಕೆ ನಡಿತದಾ? ನಮ್ಮ ಅಂಗಡಿ ಮಿಷನ್ ಹಿಂದಕ್ಕೆ ಹೊಲಿಯುದಿಲ್ಲ ಮೇಡಂ."

ನಾನು ಬೋರ್ಡಿನ ಕಡೆಗೆ ನೋಡಿದೆ. ಬಾಣದ ಗುರುತುಗಳನ್ನು ನಾನೇ ಬರೆದಿದ್ದೆ. ಒಂದು ಬಲಕ್ಕಿತ್ತು, ಒಂದು ಎಡಕ್ಕಿತ್ತು. ಆರು ವರ್ಷ ಅವುಗಳನ್ನು ಬರೆದಿದ್ದೆ, ಒಮ್ಮೆಯೂ ನೋಡಿರಲಿಲ್ಲ.

"ಅಷ್ಟು ಆಳ ಪರೀಕ್ಷೆಗೆ ಬರುವುದಿಲ್ಲ. ಕೂತ್ಕೊ" ಎಂದೆ.

ಹೊಸದಾಗಿ ಈ ಕೆಲಸಕ್ಕೆ ಬರುವವರಿಗೆ ಒಂದು ಗುಟ್ಟು ಹೇಳುತ್ತೇನೆ. ಯಾವ ಉಪನ್ಯಾಸಕರಾದರೂ ಈ ಮಾತು ಹೇಳಿದರೆ ಅವರಿಗೆ ಉತ್ತರ ಗೊತ್ತಿಲ್ಲ ಎಂದೇ ಅರ್ಥ.

ಆ ತಿಂಗಳ ಕಿರುಪರೀಕ್ಷೆಯಲ್ಲಿ ಅದೇ ಪ್ರಶ್ನೆ ಕೊಟ್ಟೆ, ಐದು ಅಂಕಕ್ಕೆ. ಮಿಸ್ರಿಯಾ ನನ್ನ ನೋಟ್ಸ್ ಬರೆದಿರಲಿಲ್ಲ. ಕೆಳಗಿನ ಎಳೆ ತುಂಡು ತುಂಡಾಗಿಯೇ ಆಗಬೇಕು, ಸ್ವಲ್ಪ ಬಿಡಿಸಿದ ಮೇಲೆ ಹಿಂದಕ್ಕೆ ಒಂದು ತುಂಡು, ಮತ್ತೆ ಸ್ವಲ್ಪ ಬಿಡಿಸಿದ ಮೇಲೆ ಇನ್ನೊಂದು ತುಂಡು, ಕೊನೆಗೆ ಯಾರಾದರೂ ಬಂದು ತುಂಡುಗಳನ್ನು ಜೋಡಿಸಬೇಕು, ಎಂದು ಬರೆದಿದ್ದಳು. ನಾನು ಎರಡು ಅಂಕ ಕೊಟ್ಟು ಕೆಂಪು ಶಾಯಿಯಲ್ಲಿ "ನೋಟ್ಸ್ ಸರಿಯಾಗಿ ಓದು" ಎಂದು ಬರೆದೆ. ಅಕ್ಷರ ಮಾತ್ರ ಮುದ್ದಾಗಿತ್ತು.

ಎರಡು ದಿನ ಕಳೆದು ಆಫೀಸಿನ ಮುಂದೆ ಅವಳೂ ಅವಳ ತಂದೆಯೂ ನಿಂತಿದ್ದರು. ಹಸನಾಕ ಎಂದು ಊರೆಲ್ಲ ಕರೆಯುವ, ಮೆತ್ತಗೆ ಮಾತಾಡುವ ಮನುಷ್ಯ. ಕುತ್ತಿಗೆಯಲ್ಲಿ ಅಳತೆ ಟೇಪು ಹಾಗೆಯೇ ಇತ್ತು, ತೆಗೆಯಲು ಮರೆತಿದ್ದರು. ಕೈಯಲ್ಲಿ ನನ್ನ ಕೆಂಪು ಶಾಯಿಯ ಕಾಗದ.

"ಮೇಡಂ, ಇವಳಿಗೆ ಸೈನ್ಸ್ ತಲೆಗೆ ಹೋಗುದಿಲ್ಲ ಅಂತೆ. ಅವಳೇ ಹೇಳಿದ್ದು" ಎಂದರು. "ಓದಿ ಬರೆದದ್ದಕ್ಕೇ ಎರಡು ಮಾರ್ಕ್ ಬಂದಿದೆ. ಆರ್ಟ್ಸಿಗೆ ಹಾಕುವ ಹೇಳಿ ಬಂದದ್ದು. ಪ್ರಿನ್ಸಿಪಾಲರ ಸೈನ್ ಒಂದು ಆಗ್ಬೇಕು."

ಮಿಸ್ರಿಯಾ ನೆಲ ನೋಡುತ್ತಿದ್ದಳು. ನನ್ನ ಮೇಲೆ ದೂರು ಹೇಳಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು. ಅವಳು ತನ್ನ ತಲೆಯನ್ನೇ ದೂರಿಕೊಂಡಿದ್ದಳು.

"ಸೋಮವಾರದವರೆಗೆ ನಿಲ್ಲಿಸಿ ಹಸನಾಕ. ನಂಗೆ ಒಂದು ಪುಸ್ತಕ ನೋಡ್ಲಿಕ್ಕುಂಟು" ಎಂದೆ.

ಶನಿವಾರ ಮಧ್ಯಾಹ್ನ ಮಂಗಳೂರಿಗೆ ಹೋಗಿ ಪರಿಚಯದವರ ಮೂಲಕ ಒಂದು ದೊಡ್ಡ ಗ್ರಂಥಾಲಯದ ಒಳಗೆ ಹೊಕ್ಕೆ. ಇಟ್ಟಿಗೆಯಷ್ಟು ದಪ್ಪದ ಪುಸ್ತಕ. ಪುಟ ತಿರುಗಿಸಿ ಚಿತ್ರ ನೋಡಿದ ಕೂಡಲೇ ಕಿವಿ ಬಿಸಿಯಾಯಿತು. ಒಂದು ಎಳೆ ಒಂದೇ ಓಟದಲ್ಲಿ, ಇನ್ನೊಂದು ತುಂಡು ತುಂಡಾಗಿ. ಆ ತುಂಡುಗಳಿಗೆ ಜಪಾನಿನ ವಿಜ್ಞಾನಿ ದಂಪತಿಯ ಹೆಸರನ್ನೇ ಇಟ್ಟಿದ್ದರು. ತುಂಡುಗಳನ್ನು ಬೆಸೆಯುವ ಕಿಣ್ವಕ್ಕೆ ಲೈಗೇಸ್ ಎಂದು ಹೆಸರು. ಅಷ್ಟೇ ಅಲ್ಲ, ಪಾಲಿಮರೇಸಿಗೆ ತಾನಾಗಿ ಕೆಲಸ ಶುರುಮಾಡಲು ಬರುವುದಿಲ್ಲ, ಪ್ರತಿ ಸಲವೂ ಪ್ರೈಮೇಸ್ ಎಂಬ ಇನ್ನೊಂದು ಕಿಣ್ವ ಮೊದಲು ಚಿಕ್ಕ ತುಣುಕೊಂದನ್ನು ಇಟ್ಟುಕೊಡಬೇಕು. ಪುಂಜಾಲಕಟ್ಟೆಯ ಹುಡುಗಿ ಹೊಲಿಗೆ ಮಿಷನಿನ ಮುಂದೆ ಕುಳಿತು ಯೋಚಿಸಿದ್ದನ್ನು ನಾನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದ್ದೆ.

ಸೋಮವಾರ ತರಗತಿಯಲ್ಲಿ ಹೇಳಿದೆ. "ನಾನು ಕಲಿಸಿದ್ದು ತಪ್ಪು. ಮಿಸ್ರಿಯಾ ಬರೆದದ್ದು ಸರಿ." ಮಿಸ್ರಿಯಾ ಮಾತ್ರ ಆ ದಿನ ಬಂದಿರಲಿಲ್ಲ. ಆಮೇಲೆ ಹಿಂದಿನ ಬೆಂಚಿನಿಂದ ಒಬ್ಬ ಬಹಳ ವಿನಯದಿಂದ, "ಹಾಗಾದ್ರೆ ಆರು ವರ್ಷದಿಂದ ಪಾಸಾದವರೆಲ್ಲ ಪುನಃ ಬರ್ಬೇಕಾ ಮೇಡಂ?" ಎಂದು ಕೇಳಿದ. ನಗು ಬಿದ್ದಿತು. ಆ ನಗುವಿನಲ್ಲೇ ನನಗೆ ಉಸಿರು ಬಂತು.

ಸಂಜೆ ಬಸ್ಸು ಹಿಡಿದು ಪುಂಜಾಲಕಟ್ಟೆಗೆ, ಅಂಗಡಿಗೆ ತಾಗಿಕೊಂಡೇ ಇದ್ದ ಅವರ ಮನೆಗೆ ಹೋದೆ. ತಿದ್ದಿದ ಕಾಗದವನ್ನು ಹಸನಾಕರ ಮುಂದಿಟ್ಟೆ. ಐದಕ್ಕೆ ಐದು. ಅವರು ಕನ್ನಡಕ ಏರಿಸಿ ತುಂಬ ಹೊತ್ತು ನೋಡಿದರು.

"ಟೀಚರ್ ಒಬ್ರು ಮನೆಗೆ ಬಂದು ತನ್ನದು ತಪ್ಪು ಹೇಳಿದ್ದು ನಾನು ಈಗಲೇ ನೋಡುದು" ಎಂದರು. "ಕೂತ್ಕೊಳ್ಳಿ ಮೇಡಂ, ಚಾ ತರಿಸ್ತೇನೆ. ಒಂದು ರವಕೆಯ ಅಳತೆ ತಪ್ಪಿದ್ರೆ ನಾವು ಸಹ ಬಿಚ್ಚಿ ಪುನಃ ಹೊಲಿತೇವೆ. ಬಿಚ್ಚುವಾಗ ಸ್ವಲ್ಪ ನೋವಾಗ್ತದೆ, ಅಷ್ಟೆ."

ಒಳಗಿನಿಂದ ಮಿಷನಿನ ಸದ್ದು ನಿಂತಿತು. ಮಿಸ್ರಿಯಾ ಪರದೆ ಸರಿಸಿ ನೋಡಿ, ನನ್ನನ್ನು ಕಂಡು, ಮತ್ತೆ ಒಳಗೆ ಹೋದಳು. ಆದರೆ ಮರುದಿನ ವಿಜ್ಞಾನದ ತರಗತಿಯಲ್ಲಿ ಮೊದಲ ಬೆಂಚಿನಲ್ಲಿದ್ದಳು.

ಇಲ್ಲಿಗೆ ನಿಲ್ಲಿಸಿದ್ದರೆ ನಾನು ಒಳ್ಳೆಯವಳಾಗಿ ಉಳಿಯುತ್ತಿದ್ದೆ. ಹೊಸತಾಗಿ ಕಲಿತವರಿಗೆ ಉತ್ಸಾಹ ಹೆಚ್ಚು. ಇಡೀ ಪಾಠವನ್ನು ಆಟದ ಬಯಲಿನಲ್ಲಿ ಮಾಡಿ ತೋರಿಸಬೇಕು ಎಂದು ನನಗೆ ಹೊಳೆಯಿತು. ಅದಕ್ಕೆ ದೊಡ್ಡ ಹಗ್ಗ ಬೇಕು. ಅಂಥ ಹಗ್ಗ ಇದ್ದದ್ದು ದೈಹಿಕ ಶಿಕ್ಷಣದ ಸದಾನಂದ ಮಾಸ್ಟ್ರ ಕೋಣೆಯಲ್ಲಿ. ಹಗ್ಗಜಗ್ಗಾಟದ ಹಗ್ಗ.

"ಬರುವ ವಾರ ತಾಲೂಕು ಕ್ರೀಡಾಕೂಟ ಉಂಟು ಮೇಡಂ. ಹಗ್ಗಕ್ಕೆ ಎಂತ ಆಗ್ಬಾರ್ದು" ಎಂದರು ಮಾಸ್ಟ್ರು.

"ಹಗ್ಗಕ್ಕೆ ಎಂತ ಆಗ್ತದೆ ಮಾರಾಯ್ರೆ? ಒಂದು ಪೀರಿಯಡ್ ಡಿಎನ್‌ಎ ಆಗ್ತದೆ, ಅಷ್ಟೆ."

ಹಗ್ಗದ ನಡುಭಾಗವನ್ನು ಗೋಲುಕಂಬಕ್ಕೆ ಸಿಕ್ಕಿಸಿ, ಎರಡು ತುದಿಗಳನ್ನು ಒಂದಕ್ಕೊಂದು ಸುತ್ತಿ ಹೊಸೆದೆವು. ಚೆಂದದ ಸುರುಳಿ ಆಯಿತು. ಇಬ್ಬರು ದಪ್ಪ ಹುಡುಗರು ಹೆಲಿಕೇಸ್. ಬಿಚ್ಚಿದ ಹಗ್ಗದ ಪಕ್ಕದಲ್ಲಿ ಬಣ್ಣದ ಕಾಗದ ಹಿಡಿದು ಸಾಲು ನಿಲ್ಲುವವರು ಹೊಸ ಎಳೆ. ಅವರನ್ನು ಕರೆತಂದು ನಿಲ್ಲಿಸುವ ಇಬ್ಬರು ಪಾಲಿಮರೇಸ್. ಓಡಿ ಹೋಗಿ ಮೊದಲ ಗುರುತು ಹಾಕುವ ಹುಡುಗಿ ಪ್ರೈಮೇಸ್. ತುಂಡು ಸಾಲುಗಳನ್ನು ಕೈಕೈ ಹಿಡಿಸಿ ಒಂದು ಮಾಡುವವನು ಲೈಗೇಸ್, ಹುಡುಗಿಯರ ಕೈ ಹುಡುಗರಿಗೆ ಹಿಡಿಸಬೇಕಾದಾಗಲೆಲ್ಲ ಅವನಿಗೆ ವಿಪರೀತ ಗೌರವ ಸಿಗುತ್ತಿತ್ತು. ಮೇಲ್ವಿಚಾರಣೆ ಮಿಸ್ರಿಯಾಳದ್ದು.

ಹೆಲಿಕೇಸುಗಳು ತುದಿಗಳನ್ನು ಆಚೆ ಈಚೆ ಎಳೆಯುತ್ತಾ ಕಂಬದ ಕಡೆಗೆ ನಡೆದರು. ಮೇಲಿನ ಪಾಲಿಮರೇಸ್ ಸಲೀಸಾಗಿ ಹಿಂಬಾಲಿಸಿದ. ಕೆಳಗಿನವನು ಹಿಂದಕ್ಕೆ ಒಂದು ಸಾಲು ನಿಲ್ಲಿಸಿ, ಮುಂದೆ ಓಡಿ ಬಂದು, ಮತ್ತೆ ಹಿಂದಕ್ಕೆ ಇನ್ನೊಂದು ನಿಲ್ಲಿಸಿ, ಬೆವರಿ, "ಮೇಡಂ, ಇವನಿಗೆ ಸುಖ, ನಂಗೆ ಮಾತ್ರ ಯಾಕೆ ಇಷ್ಟು ಓಡಾಟ?" ಎಂದು ಕೂಗಿದ. ಪಾಠ ತಲೆಗೆ ಹೋಗಿದೆ ಎಂದು ನನಗೆ ಖುಷಿಯಾಯಿತು.

ಅರ್ಧ ದಾರಿಯಲ್ಲಿ ಹೆಲಿಕೇಸುಗಳು ನಿಂತುಬಿಟ್ಟರು. ಎಷ್ಟು ಎಳೆದರೂ ಹಗ್ಗ ಬಿಡುವುದಿಲ್ಲ. ಕಂಬದ ಹತ್ತಿರ ಸುರುಳಿಗಳು ಒತ್ತೊತ್ತಾಗಿ ಗಂಟುಗಂಟಾಗಿದ್ದವು.

"ಮೇಡಂ, ಇಲ್ಲಿ ಬಿಡಿಸಿದ ತಿರುಪು ಎಲ್ಲ ಮುಂದೆ ಹೋಗಿ ಸೇರ್ತಾ ಉಂಟು" ಎಂದಳು ಮಿಸ್ರಿಯಾ. "ಆ ಕಡೆ ಕಂಬ ಇರುವ ಕಾರಣ ಅದಕ್ಕೆ ತಿರುಗ್ಲಿಕ್ಕೆ ಜಾಗ ಇಲ್ಲ. ಎಲ್ಲಿಯಾದ್ರೂ ಸಡಿಲ ಮಾಡ್ಬೇಕು."

ಆ ದಪ್ಪ ಪುಸ್ತಕದಲ್ಲಿ ಓದಿದ್ದು ಥಟ್ಟನೆ ನೆನಪಾಯಿತು. ಜೀವಕೋಶಕ್ಕೂ ಇದೇ ಕಷ್ಟ ಉಂಟು. ಅದಕ್ಕೊಂದು ಕಿಣ್ವ ಇದೆ, ಟೊಪೊಐಸೊಮರೇಸ್. ಬಿಗಿಯಾದಲ್ಲಿ ಎಳೆಯನ್ನು ಕತ್ತರಿಸಿ, ತಿರುಪು ಬಿಟ್ಟುಹೋಗಲು ಕೊಟ್ಟು, ಮತ್ತೆ ತಾನೇ ಜೋಡಿಸುತ್ತದೆ. ಅದರ ಪಾತ್ರಕ್ಕೆ ನಾನು ಯಾರನ್ನೂ ಹಾಕಿರಲಿಲ್ಲ. ಪಕ್ಕದಲ್ಲೇ ಕಾಲೇಜಿನ ಪ್ಯೂನು ಹುಲ್ಲು ಕೊಯ್ಯುತ್ತಿದ್ದರು. ಅವರ ಕೈಯಿಂದ ಕತ್ತಿ ಕಿತ್ತುಕೊಂಡೆ, "ಟೊಪೊಐಸೊಮರೇಸ್!" ಎಂದು ಕೂಗಿದೆ, ಕಂಬದ ಬುಡದಲ್ಲಿ ಎರಡೇ ಏಟಿಗೆ ಹಗ್ಗ ಕಡಿದೆ.

ಹಗ್ಗ ಬುಗುರಿಯ ಹಾಗೆ ಗಿರ್ರನೆ ತಿರುಗಿತು. ಗಂಟುಗಳೆಲ್ಲ ಬಿಟ್ಟವು. ಜೋರಾಗಿ ಎಳೆಯುತ್ತಿದ್ದ ಇಬ್ಬರೂ ಹೆಲಿಕೇಸುಗಳು ಅಂಗಾತ ಬಿದ್ದರು. ನಲವತ್ತು ಮಕ್ಕಳು ಚಪ್ಪಾಳೆ ತಟ್ಟಿದರು. ಚಪ್ಪಾಳೆಯ ನಡುವೆ ಒಂದು ಸೀಟಿ ಕೇಳಿಸಿತು. ಸದಾನಂದ ಮಾಸ್ಟ್ರು ಓಡಿ ಬರುತ್ತಿದ್ದರು. ಅವರ ಹಿಂದೆ ಪ್ರಿನ್ಸಿಪಾಲರಾದ ರಾಯರು, ಮತ್ತು ಅವರ ಜತೆಗೆ ಆ ದಿನವೇ ತಪಾಸಣೆಗೆ ಬಂದಿದ್ದ ಮಂಗಳೂರಿನ ಅಧಿಕಾರಿ.

ನಾನು ಕತ್ತಿ ಹಿಡಿದು ನಿಂತಿದ್ದೆ.

"ಇದು ಯಾವ ವಿಷಯ?" ಎಂದು ಅಧಿಕಾರಿ ಕೇಳಿದರು.

"ಜೀವಶಾಸ್ತ್ರ ಸರ್" ಎಂದೆ.

ಅವರು ನೆಲದಲ್ಲಿ ಬಿದ್ದಿದ್ದ ಹುಡುಗನ ಕಡೆಗೆ ಬಗ್ಗಿ, "ನೀನು ಯಾರಪ್ಪ?" ಎಂದರು.

"ನಾನು ಹೆಲಿಕೇಸ್ ಸರ್. ನನ್ನ ಕೆಲಸ ಮುಗಿಯಿತು" ಎಂದ ಅವನು, ಏಳದೆ.

ಅಧಿಕಾರಿ ನಕ್ಕರು. ರಾಯರು ನಗಲಿಲ್ಲ. ಸಂಜೆಗೆ ನನಗೆ ಮೆಮೊ ಬಂತು: ಕಾಲೇಜಿನ ಸೊತ್ತಾದ ಹಗ್ಗವನ್ನು ಬೋಧನೆಯ ನೆಪದಲ್ಲಿ ಕಡಿದ ಬಗ್ಗೆ ಲಿಖಿತ ಸಮಜಾಯಿಷಿ ನೀಡತಕ್ಕದ್ದು. ನಾನು ಎರಡು ಪುಟ ಬರೆದೆ. ಕೊನೆಯ ಸಾಲು ಹೀಗಿತ್ತು: "ಕಡಿಯುವುದು ಸದರಿ ಕಿಣ್ವದ ಅರ್ಧ ಕೆಲಸ ಮಾತ್ರ. ಜೋಡಿಸುವ ಉಳಿದರ್ಧ ಕೆಲಸ ಪ್ರಗತಿಯಲ್ಲಿದೆ." ರಾಯರು ಅದನ್ನು ಎರಡು ಸಲ ಓದಿ, "ಈ ಕಿಣ್ವದ ಮೇಲೆ ಕ್ರಮ ತೆಗೊಳ್ಳುವ ಹಾಗೆ ಉಂಟಾ ವಾರಿಜಾ ಮೇಡಂ?" ಎಂದು ಗಂಭೀರವಾಗಿ ಕೇಳಿದರು. ಅದು ತಮಾಷೆಯೋ ಅಲ್ಲವೋ ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಜೋಡಿಸಿದ್ದು ನಾನಲ್ಲ, ಸದಾನಂದ ಮಾಸ್ಟ್ರು. ಅವರ ಮನೆಯವರು ಹಿಂದೆ ನೇತ್ರಾವತಿಯಲ್ಲಿ ದೋಣಿ ನಡೆಸುತ್ತಿದ್ದವರು. ಹಗ್ಗದ ಹುರಿ ಬಿಡಿಸಿ, ಒಂದರೊಳಗೊಂದು ಹೆಣೆದು ಕೂಡಿಸುವ ಕೆಲಸ ಅವರ ಕೈಗೆ ಬರುತ್ತಿತ್ತು. ಎರಡು ಮಧ್ಯಾಹ್ನ ವರಾಂಡದಲ್ಲಿ ಕುಳಿತು ಹೆಣೆದರು. ನಾನು ಎದುರು ಕುಳಿತು ಕ್ಷಮೆ ಕೇಳಿದೆ. "ಮಾತಾಡ್ಬೇಡಿ ಮೇಡಂ, ಲೆಕ್ಕ ತಪ್ತದೆ" ಎಂದರು. ಮೂರನೆಯ ದಿನ ತಾವಾಗಿಯೇ, "ಇದನ್ನು ಜೋಡಿಸುವ ಕಿಣ್ವಕ್ಕೆ ಎಂತದೋ ಹೆಸರು ಹೇಳಿದ್ರಲ್ಲ, ಎಂತದು?" ಎಂದು ಕೇಳಿದರು. ಹೇಳಿದೆ. ಆ ವರ್ಷ ಮಕ್ಕಳು ಅವರಿಗೆ ಲೈಗೇಸ್ ಮಾಸ್ಟ್ರು ಎಂದು ಹೆಸರಿಟ್ಟರು, ಅವರಿಗೂ ಅದು ಗೊತ್ತಿತ್ತು. ತಾಲೂಕು ಕ್ರೀಡಾಕೂಟದಲ್ಲಿ ಹಗ್ಗ ಹರಿಯಲಿಲ್ಲ. ನಮ್ಮ ಹುಡುಗರು ಮಾತ್ರ ಮೊದಲ ಸುತ್ತಿನಲ್ಲೇ ಸೋತರು.

ವಾರ್ಷಿಕ ಪರೀಕ್ಷೆಗೆ ಮೊದಲು ನಡೆಸಿದ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಒಬ್ಬ ಹೀಗೆ ಬರೆದಿದ್ದ: "ಪಾಲಿಮರೇಸ್ ತಪ್ಪು ಅಕ್ಷರ ಸೇರಿಸಿದರೆ ಒಂದು ಹೆಜ್ಜೆ ಹಿಂದೆ ಬಂದು ಅದನ್ನು ತೆಗೆದು ಸರಿಯಾದುದನ್ನು ಹಾಕುತ್ತದೆ. ನಮ್ಮ ಮೇಡಂ ಕೂಡ ಹಾಗೆಯೇ, ಆದರೆ ಆರು ವರ್ಷ ತೆಗೆದುಕೊಳ್ಳುತ್ತಾರೆ." ಪೂರ್ತಿ ಅಂಕ ಕೊಟ್ಟೆ. ಬೇರೆ ದಾರಿ ಇರಲಿಲ್ಲ.

ಆಮೇಲೆ ಬೆಳ್ತಂಗಡಿಗೆ ವರ್ಗವಾಯಿತು. ಲಾಯಿಲದಲ್ಲಿ ಬಾಡಿಗೆ ಮನೆ ಮಾಡಿದೆ. ಅಷ್ಟರಲ್ಲಿ ಪಾಠದ ವಿಧಾನ ಬದಲಾಗಿತ್ತು. ಪಾರದರ್ಶಕ ಹಾಳೆಯಲ್ಲಿ ಚಿತ್ರ ಬರೆದು, ಕೆಳಗಿನಿಂದ ದೀಪ ಹಾಕಿ, ಗೋಡೆಯ ಮೇಲೆ ದೊಡ್ಡದಾಗಿ ತೋರಿಸುವ ಪ್ರೊಜೆಕ್ಟರ್ ಬಂದಿತ್ತು. ಅದನ್ನು ಮುಟ್ಟಲು ಧೈರ್ಯ ಮಾಡಿದವಳು ನಾನೊಬ್ಬಳೇ, ಆ ಬಗ್ಗೆ ನನಗೆ ಜಂಬವೂ ಇತ್ತು. ಡಿಎನ್‌ಎಯ ಸುರುಳಿಯನ್ನು ಬಣ್ಣಬಣ್ಣವಾಗಿ ಬರೆದು ತೋರಿಸಿದೆ. ಮುಕ್ಕಾಲು ಗಂಟೆ ಪಾಠ ಆದ ಮೇಲೆ ಕೊಕ್ಕಡದ ಹುಡುಗನೊಬ್ಬ ಕೈ ಎತ್ತಿದ.

"ಮೇಡಂ, ಸುರುಳಿ ಬಲಕ್ಕೆ ತಿರುಗುದು ಹೇಳಿ ಪುಸ್ತಕದಲ್ಲಿ ಉಂಟು. ಗೋಡೆಯಲ್ಲಿ ಎಡಕ್ಕೆ ತಿರುಗಿದೆ. ನಮ್ಮಲ್ಲಿ ರಬ್ಬರ್ ಶೀಟಿನ ಮಿಷನಿಗೆ ಸ್ಕ್ರೂ ಉಂಟು, ಅದು ಹೀಗೆ ಇದ್ರೆ ಬಿಗಿ ಆಗುದೇ ಇಲ್ಲ."

ಹಾಳೆಯನ್ನು ಮಗುಚಿ ಇಟ್ಟಿದ್ದೆ. ಅಕ್ಷರಗಳಿಲ್ಲದ ಬರಿಯ ಚಿತ್ರ, ಹಾಗಾಗಿ ಗೊತ್ತಾಗಿರಲಿಲ್ಲ. ಈ ಸಲ ಆರು ವರ್ಷ ಬೇಕಾಗಲಿಲ್ಲ. ಆರು ಸೆಕೆಂಡಿನಲ್ಲಿ ತಿರುಗಿಸಿಟ್ಟೆ. ಪ್ರಗತಿ ಎಂದರೆ ಇದೇ ಅಲ್ಲವೇ?

ಎರಡು ಸಾವಿರದ ಇಸವಿ ಕಳೆದ ಮೇಲೆ ಮೂಡುಬಿದಿರೆಯ ಕಡೆಗೆ ಬಂದೆ. ಅಲ್ಲಿದ್ದಾಗ ಪಠ್ಯ ಬದಲಾಗಿ ಜೈವಿಕ ತಂತ್ರಜ್ಞಾನ ಸೇರಿಕೊಂಡಿತು. ಹತ್ತು ಮಂದಿ ಹಳಬರಿಗೆ ಹತ್ತಿರದ ಪದವಿ ಕಾಲೇಜಿನ ಪ್ರಯೋಗಾಲಯದಲ್ಲಿ ಒಂದು ದಿನದ ತರಬೇತಿ ಇಟ್ಟರು. ಕಲಿಸುವವಳು ಶ್ವೇತಾ ಎಂಬ ಹುಡುಗಿ, ನನ್ನ ಮಗಳ ಪ್ರಾಯ. ಮೇಜಿನ ಮೇಲೆ ಮಿಕ್ಸಿಗಿಂತ ತುಸು ದೊಡ್ಡ ಪೆಟ್ಟಿಗೆ. ಜೀವಕೋಶದ ಹೊರಗೇ ಡಿಎನ್‌ಎ ನಕಲು ಮಾಡುವ ಯಂತ್ರ. ಅದಕ್ಕೆ ಹೆಲಿಕೇಸ್ ಬೇಡ, ಬಿಸಿ ಮಾಡಿದರೆ ಎಳೆಗಳು ತಾವಾಗಿಯೇ ಬಿಡುತ್ತವೆ. ಆ ಬಿಸಿಗೂ ಕೆಡದ ಪಾಲಿಮರೇಸನ್ನು ಬಿಸಿನೀರಿನ ಬುಗ್ಗೆಯ ಬ್ಯಾಕ್ಟೀರಿಯಾದಿಂದ ತೆಗೆದಿರುತ್ತಾರೆ. ಬಿಸಿ, ತಣಿಸು, ಕಟ್ಟು, ಮತ್ತೆ ಬಿಸಿ. ಪ್ರತಿ ಸುತ್ತಿನಲ್ಲೂ ಇದ್ದದ್ದು ಎರಡರಷ್ಟಾಗುತ್ತದೆ.

ಇಷ್ಟು ವರ್ಷ ಈ ಪಾಠ ಮಾಡಿದ್ದೆನಲ್ಲ, ಒಮ್ಮೆಯೂ ಡಿಎನ್‌ಎ ನಕಲಾದದ್ದನ್ನು ಕಣ್ಣಾರೆ ಕಂಡಿರಲಿಲ್ಲ. ಉಪ್ಪುನೀರು ಮುಕ್ಕಳಿಸಿ ಉಗುಳಿ, ಕೆನ್ನೆಯೊಳಗಿನ ಕೋಶಗಳನ್ನು ಕೊಟ್ಟೆವು. ಹತ್ತು ಮಂದಿಗೆ ಹತ್ತು ಟ್ಯೂಬು. ಹನ್ನೊಂದನೆಯದಕ್ಕೆ ಯಾರ ಕೋಶವೂ ಇಲ್ಲ, ಬರಿಯ ನೀರು. ಅದರಲ್ಲಿ ಏನೂ ಕಾಣಬಾರದು, ಕಂಡರೆ ಎಲ್ಲೋ ಕಲಬೆರಕೆಯಾಗಿದೆ ಎಂದರ್ಥ. ಆ ನೀರಿನ ಟ್ಯೂಬನ್ನು ತುಂಬಿಸುವ ಕೆಲಸ ನನಗೆ ಬಂತು. ನಾನು ತುಂಬಿಸುತ್ತಾ, ಪಕ್ಕದವರಿಗೆ ಪಾಲಿಮರೇಸಿನ ಸ್ವಭಾವವನ್ನೂ ಕೆಳಗಿನ ಎಳೆಯ ಕಷ್ಟವನ್ನೂ ಗೋಲುಕಂಬದ ಕಥೆಯನ್ನೂ ವಿವರಿಸಿದೆ. ಎಲ್ಲರೂ ನಕ್ಕರು. ಶ್ವೇತಾ ಎರಡು ಸಲ "ಮೇಡಂ, ಮುಚ್ಚಳ..." ಎಂದದ್ದು ಈಗ ನೆನಪಾಗುತ್ತದೆ.

ಮೂರು ಗಂಟೆ ಕಳೆದು, ಜೆಲ್ಲಿಯಂಥ ಹಲಗೆಯಲ್ಲಿ ಕರೆಂಟು ಹಾಯಿಸಿ, ಉದ್ದಕ್ಕೆ ತಕ್ಕಂತೆ ಬೇರೆಯಾಗುವ ಹಾಗೆ ಎಲ್ಲರದ್ದನ್ನೂ ಓಡಿಸಿ, ಕತ್ತಲೆ ಪೆಟ್ಟಿಗೆಯಲ್ಲಿಟ್ಟು ದೀಪ ಹಾಕಿದಳು. ಕಿತ್ತಳೆ ಬಣ್ಣದ ಗೆರೆಗಳು ಹೊಳೆದವು. ಅಂಗೈ ಜೋಡಿಸಿ ಬಿಡಿಸಿ ತೋರಿಸಿದ್ದು, ಹಗ್ಗ ಕಡಿದದ್ದು, ಗೋಡೆಯ ಮೇಲೆ ಎಡಕ್ಕೆ ತಿರುಗಿಸಿದ್ದು, ಅದೆಲ್ಲ ನಿಜವಾಗಿಯೂ ನಡೆಯುತ್ತದೆ. ಕಣ್ಣು ಒದ್ದೆಯಾಯಿತು. ಕತ್ತಲೆಯಲ್ಲಿ ಯಾರೂ ನೋಡಲಿಲ್ಲ.

"ನಾವು ನಕಲು ಮಾಡಿದ ತುಂಡು ಅಪ್ಪನಿಂದ ಬಂದದ್ದೂ ಅಮ್ಮನಿಂದ ಬಂದದ್ದೂ ಒಂದೇ ಉದ್ದ ಇದ್ರೆ ಒಂದು ಗೆರೆ, ಬೇರೆ ಬೇರೆ ಇದ್ರೆ ಎರಡು ಗೆರೆ" ಎಂದು ಶ್ವೇತಾ ವಿವರಿಸಿದಳು. ಒಂಬತ್ತು ಮಂದಿಗೆ ಒಂದೊಂದೇ ಗೆರೆ. ಎರಡು ಗೆರೆ ಇದ್ದದ್ದು ನನಗೊಬ್ಬಳಿಗೆ. ನನಗೆ ಹೆಮ್ಮೆಯಾಯಿತು. ಅಷ್ಟರಲ್ಲಿ ಅವಳು ಕೊನೆಯ ಸಾಲಿನ ಕಡೆಗೆ ಬಗ್ಗಿ ನೋಡಿದಳು. ಬರಿಯ ನೀರಿನ ಸಾಲಿನಲ್ಲಿ ಮಸುಕಾಗಿ ಗೆರೆಗಳಿದ್ದವು. ಎರಡು.

"ಟ್ಯೂಬಿನ ಮುಚ್ಚಳ ತೆಗೆದಿಟ್ಟು ಯಾರಾದ್ರೂ ಮಾತಾಡಿದ್ರಾ?" ಎಂದು ಅವಳು ಬಹಳ ಮೆಲ್ಲಗೆ ಕೇಳಿದಳು. "ಎಂಜಲಿನ ಒಂದು ಹನಿ ಬಿದ್ರೂ ಸಾಕು."

ಒಂಬತ್ತು ತಲೆಗಳು ನನ್ನ ಕಡೆಗೆ ತಿರುಗಿದವು.

ಆ ಗೆರೆಗಳ ಫೋಟೋ ತೆಗೆದಿದ್ದರು, ಅದರ ಒಂದು ಪ್ರತಿ ಕೇಳಿ ತೆಗೆದುಕೊಂಡೆ. ಶ್ವೇತಾ, "ಇದು ಕೆಟ್ಟ ರಿಸಲ್ಟ್ ಮೇಡಂ, ಬೇರೆ ಕೊಡ್ತೇನೆ" ಎಂದಳು. ಬೇಡ, ಇದೇ ಬೇಕು ಎಂದೆ. ನಮ್ಮ ಪ್ರಯೋಗಾಲಯದ ಬಾಗಿಲಿಗೆ ಅದನ್ನು ಅಂಟಿಸಿದೆ. ಮಕ್ಕಳು ಒಳಗೆ ಬರುವ ಮೊದಲು ಅದರ ಮುಂದೆ ನಿಂತು ಓದಿ, ನಕ್ಕು, ಬಾಯಿ ಮುಚ್ಚಿಕೊಂಡು ಒಳಗೆ ಬರುತ್ತಿದ್ದರು. ಕೆಳಗೆ ನನ್ನ ಮುದ್ದಾದ ಅಕ್ಷರದಲ್ಲಿ ಹೀಗೆ ಬರೆದಿದ್ದೆ: "ಹನ್ನೊಂದನೆಯ ಸಾಲು. ಬರಿಯ ನೀರು ಇರಬೇಕಾಗಿತ್ತು. ವಾರಿಜಾ ಮೇಡಂ ಇದ್ದಾರೆ."